ಸುಳಿಗಾಳಿ ಎದ್ದು ನಿಂತ ಬಗೆ

ಭೂಮಿ ಆಗಿನ್ನೂ ಹೊಸದು. ಬೆಟ್ಟಗಳು ಬೆಳೆಯುವುದನ್ನು ಆಗಷ್ಟೇ ನಿಲ್ಲಿಸಿದ್ದವು. ಹೊಳೆಗಳು ಯಾವ ಕಡೆ ಹರಿಯೋಣವೆಂದು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಆ ಕಾಲದಲ್ಲಿ ಗಾಳಿಗಳಿಗೆಲ್ಲ ಮಾತು ಬರುತ್ತಿತ್ತು. ಆದರೆ ಎದ್ದು ನಿಲ್ಲಲು ಮಾತ್ರ ಒಂದಕ್ಕೂ ಬರುತ್ತಿರಲಿಲ್ಲ. ಎಲ್ಲ ಗಾಳಿಗಳೂ ಮಲಗಿಕೊಂಡೇ ಬೀಸುತ್ತಿದ್ದವು.

ಆ ಹೊಸ ಭೂಮಿಯ ಮೇಲೆ ಕಪ್ಪು ಮಣ್ಣಿನ ಒಂದು ದೊಡ್ಡ ಬಯಲು. ಬಯಲಿನಲ್ಲಿ ಮಣ್ಣಿನ ಗೋಡೆಯ ಒಂದೇ ಒಂದು ಮನೆ. ಅಲ್ಲಿ ದ್ಯಾಮವ್ವ ಮತ್ತು ಅವಳ ಗಂಡ ಬರಮಪ್ಪ ಇದ್ದರು. ಬರಮಪ್ಪ ಕುರಿ ಕಾಯುತ್ತಿದ್ದ. ದ್ಯಾಮವ್ವ ಮನೆ, ಹೊಲ, ಎಮ್ಮೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದಳು. ಒಂದು ಕೆಲಸ ಆಗುತ್ತದೆ ಎಂದು ಅವಳ ಬಾಯಲ್ಲಿ ಬಂತೆಂದರೆ ಅದು ಆದಂತೆಯೇ. ಅದು ಬರಮಪ್ಪನಿಗೂ ಗೊತ್ತಿತ್ತು, ಎಮ್ಮೆಗೂ ಗೊತ್ತಿತ್ತು.

ಒಂದು ಚಳಿಗಾಲ ಕಾಡಿನಿಂದ ಕೆಂಚು ಬಣ್ಣದ ನಾಯಿಯೊಂದು ಬಂದು ಬಾಗಿಲಲ್ಲಿ ನಿಂತಿತು. ಒಳಗೆ ಬೆಚ್ಚಗಿದೆಯಾ ಎಂದು ಕೇಳಿತು. ಕುರಿಹಟ್ಟಿಯ ಹತ್ತಿರ ತೋಳ ಸುಳಿಯದಂತೆ ನೋಡಿಕೊಳ್ಳುವುದಾದರೆ ಒಳಗೆ ಬಾ ಎಂದಳು ದ್ಯಾಮವ್ವ. ಅದಕ್ಕೆ ಕೆಂಚ ಎಂದು ಹೆಸರಿಟ್ಟಳು. ಅದರ ಹಿಂದೆಯೇ ಬೂದು ಬಣ್ಣದ ಬೆಕ್ಕೊಂದು ಬಂತು. ಅದು ಏನನ್ನೂ ಕೇಳಲಿಲ್ಲ. ಸೀದಾ ಹೋಗಿ ಒಲೆಯ ಪಕ್ಕ ಮಲಗಿತು. ಜೋಳದ ಗುಡಾಣದ ಹತ್ತಿರ ಇಲಿ ಬರುವುದು ನಿಂತದ್ದರಿಂದ ದ್ಯಾಮವ್ವ ಅದನ್ನೂ ಇಟ್ಟುಕೊಂಡಳು. ಬೂದಿ ಎಂದು ಕರೆದಳು.

ಚಳಿಗಾಲ ಸುಖವಾಗಿ ಕಳೆಯಿತು. ಆಮೇಲೆ ಬೇಸಿಗೆ ಬಂತು.

ಕಾಡಿನ ಚಳಿಗೆಂದು ದಪ್ಪಗೆ ಬೆಳೆದ ಕೂದಲು ಕೆಂಚನ ಮೈಮೇಲೆ ಹಾಗೆಯೇ ಇತ್ತು. ಬೂದಿಯ ಮೈಮೇಲೂ ಇತ್ತು. ಮನೆಯೊಳಗೆ ಒಲೆಯ ಕಾವು, ಹೊರಗೆ ಬಿಸಿಲಿನ ಕಾವು. ಸೆಕೆ ತಾಳಲಾರದೆ ಎರಡೂ ಕೂದಲು ಉದುರಿಸತೊಡಗಿದವು. ಚಾಪೆಯ ಮೇಲೆ ಕೂದಲು, ಚಾಪೆಯ ಕೆಳಗೆ ಕೂದಲು. ರೊಟ್ಟಿಯ ಹಿಟ್ಟಿನಲ್ಲಿ ಕೂದಲು, ಮಜ್ಜಿಗೆಯಲ್ಲಿ ಕೂದಲು. ದ್ಯಾಮವ್ವ ಕಸಬರಿಗೆ ಹಿಡಿದು ಗುಡಿಸಿದರೆ ಅದು ಮೇಲೆ ಹಾರುತ್ತಿತ್ತು, ಅವಳು ಬೆನ್ನು ತಿರುಗಿಸಿದ ಮೇಲೆ ಮೆಲ್ಲಗೆ ಇಳಿದು ಅಲ್ಲೇ ಕೂರುತ್ತಿತ್ತು.

ಅದೇ ಬೇಸಿಗೆಯಲ್ಲಿ ಆ ಮನೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಹುಟ್ಟಿದ ಕೆಲವು ದಿನಗಳಿಗೆ, ಹಾರಾಡುವ ಕೂದಲು ಮೂಗಿಗೆ ಹೋಗಿ, ಕೂಸು ಕೆಮ್ಮತೊಡಗಿತು. ಕೆಮ್ಮಿ ಕೆಮ್ಮಿ ಅದರ ಪುಟ್ಟ ಮುಖ ಕೆಂಪಾಗುತ್ತಿತ್ತು, ಹಾಲು ಕುಡಿಯುವುದನ್ನೂ ಬಿಟ್ಟುಬಿಡುತ್ತಿತ್ತು.

ಬರಮಪ್ಪ ಕೆಟ್ಟವನಲ್ಲ. ಆದರೆ ಅವನಿಗೊಬ್ಬಳು ತಂಗಿ ಇದ್ದಳು. ಚಿಕ್ಕವಳಿದ್ದಾಗ ಇಂಥದೇ ಕೆಮ್ಮು ಬಂದು ಅವಳು ಉಳಿದಿರಲಿಲ್ಲ. ಈಗ ಕೂಸು ಕೆಮ್ಮಿದಾಗಲೆಲ್ಲ ಅವನು ಕೈಯಲ್ಲಿದ್ದ ತುತ್ತನ್ನು ಕೆಳಗಿಡುತ್ತಿದ್ದ. ಕೊನೆಗೊಂದು ದಿನ, ನಾಯಿ ಬೆಕ್ಕು ಎರಡನ್ನೂ ಕಾಡಿಗೆ ಬಿಟ್ಟು ಬರುತ್ತೇನೆ ಎಂದ. ಹೇಳುವಾಗ ಅವನು ಕೆಂಚನ ಕಡೆ ನೋಡಲಿಲ್ಲ. ಅದು ಎರಡು ಸಲ ತೋಳವನ್ನು ಓಡಿಸಿ ಅವನ ಕುರಿಗಳನ್ನು ಉಳಿಸಿತ್ತು.

"ಹುಣ್ಣಿಮೆ ತನಕ ತಡೀರಿ" ಎಂದಳು ದ್ಯಾಮವ್ವ. "ಮನೆಯಿಂದ ಹೋಗೋದು ಕೂದಲು. ಇವು ಎರಡೂ ಇಲ್ಲೇ ಇರ್ತವೆ."

ಅವಳು ಅಂಗಳಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟು ಗಾಳಿಗಳನ್ನು ಕೂಗಿ ಕರೆದಳು. ನನ್ನ ಮನೆ ಗುಡಿಸಲು ಒಂದು ಗಾಳಿ ಬೇಕು ಎಂದಳು. ಚಾಪೆಯ ಅಡಿಯ ಕೂದಲೂ ಬರಬೇಕು, ಒಲೆಯ ಬೂದಿ ಏಳಬಾರದು, ನನ್ನ ನಾಯಿ ಬೆಕ್ಕು ಹೆದರಿ ಓಡಬಾರದು. ಇಷ್ಟು ಮಾಡಬಲ್ಲವರು ಯಾರಿದ್ದೀರೋ ಬನ್ನಿ ಎಂದಳು.

ಮೊದಲು ಬಂದದ್ದು ಪಡುವಣ ಗಾಳಿ. ಗಾಳಿಗಳಲ್ಲೇ ಜೋರಿನದು. ತನ್ನ ಬಲದ ಮುಂದೆ ಬೇರೆ ಯಾವುದೂ ಇಲ್ಲ ಎಂದು ದೂರದಿಂದಲೇ ಹೇಳಿಕೊಳ್ಳುತ್ತ ಬಂತು. ಮುಂಬಾಗಿಲಿಂದ ನುಗ್ಗಿ ಹಿಂಬಾಗಿಲಿಂದ ಹೊರಟಿತು. ಕೂದಲೇನೋ ಹೋಯಿತು. ಅದರ ಜೊತೆ ಹಪ್ಪಳ ಹೋಯಿತು, ಕೂಸಿನ ಅರಿವೆ ಹೋಯಿತು, ಗಡಿಗೆಯ ಮುಚ್ಚಳ ಬಯಲಲ್ಲಿ ಉರುಳುತ್ತ ಹೋಯಿತು. ಕೆಂಚ ಹೊಲಕ್ಕೆ ಓಡಿತು. ಬೂದಿ ಸೂರಿನ ಜಂತೆ ಏರಿ ಕುಳಿತದ್ದು ಸಂಜೆಯವರೆಗೂ ಇಳಿಯಲಿಲ್ಲ. ಹಾರಿಹೋದ ಕೂದಲೆಲ್ಲ ಮನೆಯನ್ನು ಒಂದು ಸುತ್ತು ಹಾಕಿ ಮತ್ತೆ ಮುಂಬಾಗಿಲಿಂದ ಒಳಗೆ ಬಂತು.

ದ್ಯಾಮವ್ವ ಅದಕ್ಕೆ ನೀರು ಕೊಟ್ಟು, ಮಳೆ ತರುವ ಕೆಲಸವೇ ನಿನಗೆ ಸರಿ ಎಂದು ಹೇಳಿ ಕಳಿಸಿದಳು.

ಆಮೇಲೆ ಮೂಡಣ ಗಾಳಿ ಬಂತು. ಬಹಳ ಮೆದು ಸ್ವಭಾವ. ಕೂಸಿನ ಹಣೆ ಸವರಿತು, ಬೂದಿಯ ಮೀಸೆ ಸವರಿತು, ನಾಯಿಯ ಕ್ಷೇಮ ವಿಚಾರಿಸಿತು. ಬೆಳಗಿನಿಂದ ಸಂಜೆವರೆಗೆ ಕೆಲಸ ಮಾಡಿ ಪಡಸಾಲೆಯ ಕೂದಲನ್ನೆಲ್ಲ ಅಡುಗೆಮನೆಗೆ ತಂದಿಟ್ಟಿತು. ದ್ಯಾಮವ್ವ ಅದನ್ನೂ ಬೈಯಲಿಲ್ಲ. ಬಟ್ಟೆ ಒಣಗಿಸಲು ಬಾ ಎಂದಳು.

ಅಷ್ಟರಲ್ಲಿ ಹುಣ್ಣಿಮೆ ಹತ್ತಿರ ಬಂದಿತ್ತು. ಕೂಸಿನ ಕೆಮ್ಮು ಇಳಿದಿರಲಿಲ್ಲ. ಬರಮಪ್ಪ ಹಗ್ಗ ಹೊಸೆಯಲು ಕುಳಿತಿದ್ದ. ದ್ಯಾಮವ್ವ ಹಗ್ಗವನ್ನೊಮ್ಮೆ, ಕೆಂಚನನ್ನೊಮ್ಮೆ ನೋಡಿ ಜೋಳ ಬೀಸಲು ಹೋದಳು.

ಆ ದಿನ ಅವಳು ಬೀಸುವ ಕಲ್ಲಿನ ಮುಂದೆ ಕುಳಿತಿದ್ದಾಗ, ಕಲ್ಲಿನ ಅಡಿಯಲ್ಲಿ ಸಿಕ್ಕಿಕೊಂಡಿದ್ದ ಹೊಟ್ಟು ತಾನೇ ಸರಿದು ಹೊರಗೆ ಬಂದದ್ದನ್ನು ಕಂಡಳು. ಬಗ್ಗಿ ನೋಡಿದಳು. ಅಲ್ಲಿ ನೆಲಗಾಳಿ ಮಲಗಿತ್ತು.

ನೆಲಗಾಳಿ ಎಂದರೆ ನೆಲಕ್ಕೆ ಅಂಟಿಕೊಂಡು ಹೊಸ್ತಿಲ ಸಂದಿಯಲ್ಲಿ ತೆವಳುವ ಗಾಳಿ. ಪಡುವಣಕ್ಕಿಂತಲೂ ಮೂಡಣಕ್ಕಿಂತಲೂ ಹಳೆಯದು. ಅದರ ದನಿ ಗೊರಗೊರ ಎನ್ನುತ್ತಿತ್ತು. ಅದಕ್ಕೆ ಸಿಟ್ಟು ಜಾಸ್ತಿ. ನಾನು ಕರೆದಾಗ ಯಾಕೆ ಬರಲಿಲ್ಲ ಎಂದು ದ್ಯಾಮವ್ವ ಕೇಳಿದ್ದಕ್ಕೆ, ಬೇರೆ ಗಾಳಿಗಳಿಗೆಲ್ಲ ಒಂದೊಂದು ದಿಕ್ಕಿದೆ, ದಿಕ್ಕಿಗೆ ತಕ್ಕ ಹೆಸರಿದೆ, ನೆಲವೆಂದರೆ ಎಲ್ಲ ಕಡೆಯೂ ನೆಲವೇ, ತನ್ನದೆನ್ನುವ ಹೆಸರಿಲ್ಲದವರನ್ನು ಯಾರು ಕರೆಯುತ್ತಾರೆ ಎಂದಿತು. ಹಾಗೆ ಹೇಳಿ ಆ ಕಡೆ ಮಗ್ಗಲು ತಿರುಗಿತು.

"ಕೆಲಸ ಮಾಡಿ ತೋರಿಸು. ನಿನಗೊಂದು ಹೆಸರು ನಾನು ಕೊಡ್ತೀನಿ" ಎಂದಳು ದ್ಯಾಮವ್ವ.

ನೆಲಗಾಳಿ ಮತ್ತೆ ಈ ಕಡೆ ಮಗ್ಗಲು ತಿರುಗಿತು. ಆಮೇಲೆ ಚಾಪೆಯ ಅಡಿಗೆ ನುಸುಳಿತು. ಬಾಯಿ ತೆರೆದು ಕೂದಲನ್ನು ಒಳಕ್ಕೆಳೆದುಕೊಂಡಿತು. ಚಾಪೆಯ ಎಳೆಎಳೆಯಲ್ಲಿ ಅಡಗಿದ್ದ ಕೂದಲೂ ಬಂತು. ಊದದೆ ಎಳೆದುಕೊಳ್ಳುವ ಗಾಳಿಯನ್ನು ದ್ಯಾಮವ್ವ ಹಿಂದೆಂದೂ ಕಂಡಿರಲಿಲ್ಲ. ಇದೇ ನನಗೆ ಬೇಕಾದ ಗಾಳಿ ಎಂದು ಅವಳಿಗೆ ಆಗಲೇ ಖಾತ್ರಿಯಾಯಿತು.

ಆದರೆ ಪಡಸಾಲೆಯ ಅರ್ಧಕ್ಕೆ ಬರುವಷ್ಟರಲ್ಲಿ ನೆಲಗಾಳಿ ಮುಂದೆ ತೆವಳಲಾರದೆ ಹೋಯಿತು. ಕೂದಲೆಲ್ಲ ಅದರ ಮೈಗೆ ಸುತ್ತಿಕೊಂಡಿತ್ತು, ಗಂಟಲಿಗೆ ಸಿಕ್ಕಿಕೊಂಡಿತ್ತು. ಅದು ಉಸಿರುಗಟ್ಟಿ ಒದ್ದಾಡಿತು. ದ್ಯಾಮವ್ವ ಪಕ್ಕದಲ್ಲಿ ಕುಳಿತು ಬೆರಳಿನಿಂದ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿದಳು.

"ಮಲಗಿಕೊಂಡು ತಿಂದ್ರೆ ಯಾರಿಗಾದ್ರೂ ಗಂಟಲಿಗೆ ಸಿಗ್ತದೆ" ಎಂದಳು. "ಎದ್ದು ನಿಲ್ಲು."

ಗಾಳಿಗಳು ನಿಲ್ಲುವುದಿಲ್ಲ, ಹುಟ್ಟಿದಾಗಿನಿಂದ ಯಾವ ಗಾಳಿಯೂ ನಿಂತಿಲ್ಲ ಎಂದಿತು ನೆಲಗಾಳಿ. ನಿಲ್ಲುವುದು ಹೇಗೆಂದು ದ್ಯಾಮವ್ವನಿಗೂ ತಿಳಿದಿರಲಿಲ್ಲ. ಆದರೂ ನಿಲ್ಲಿಸುತ್ತೇನೆ ಎಂದಳು.

ಮರುದಿನ ಅವಳು ಮಜ್ಜಿಗೆ ಕಡೆಯುತ್ತಿದ್ದಳು. ಕಡಗೋಲು ತಿರುಗಿದಂತೆ ಮಜ್ಜಿಗೆಯೂ ತಿರುಗುತ್ತಿತ್ತು. ಅಂಚಿನಲ್ಲಿದ್ದ ಬೆಣ್ಣೆಯ ಚೂರುಗಳು ಒಂದೊಂದಾಗಿ ನಡುವಿಗೆ ಬಂದು ಸೇರುತ್ತಿದ್ದವು. ಮಜ್ಜಿಗೆಯಲ್ಲಿ ಬಿದ್ದಿದ್ದ ಕೆಂಚನ ಕೂದಲೊಂದು ಕೂಡ ಸುತ್ತು ಹೊಡೆಯುತ್ತ ನಡುವಿಗೆ ಬಂತು. ದ್ಯಾಮವ್ವ ಕಡಗೋಲಿನ ಹಗ್ಗ ಬಿಟ್ಟು ಎದ್ದಳು.

ನೆಲಗಾಳಿಯನ್ನು ಕರೆದು, ಹೀಗೆ ತಿರುಗು ಎಂದು ಮಜ್ಜಿಗೆಯ ಗಡಿಗೆ ತೋರಿಸಿದಳು. ತಿರುಗುತ್ತ ಏಳು, ಏಳುತ್ತ ತಿರುಗು ಎಂದಳು. ನೆಲಗಾಳಿ ತಿರುಗಿತು. ಮೊಳಕಾಲೆತ್ತರ ಎದ್ದಿತು, ತಲೆಸುತ್ತು ಬಂದು ಗಡಿಗೆಗಳ ಮೇಲೆ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ಮನೆಯೊಳಗಿನ ನೆಲ ಸಗಣಿ ಸಾರಿಸಿ ತಂಪಾಗಿತ್ತು. ಬಿದ್ದಲ್ಲೇ ಮಲಗಿಬಿಡುವ ಆಸೆ ಅದಕ್ಕೆ.

ಹುಣ್ಣಿಮೆಯ ದಿನ ಬಂತು. ಮಧ್ಯಾಹ್ನ ಬರಮಪ್ಪ ಹಗ್ಗ ತಂದು ಕೆಂಚನ ಕೊರಳಿಗೆ ಕಟ್ಟಿದ. ಬೂದಿಯನ್ನು ಹಾಕಿಕೊಳ್ಳಲು ಬುಟ್ಟಿ ತಂದ. ಕೆಂಚ ಬಾಲ ಅಲ್ಲಾಡಿಸುತ್ತ ನಿಂತಿತ್ತು. ಕುರಿ ಕಾಯಲು ಹೊರಟಿದ್ದೇವೆ ಎಂದೇ ಅದು ತಿಳಿದಿತ್ತು.

ದ್ಯಾಮವ್ವ ಗಂಡನನ್ನು ತಡೆಯಲು ಹೋಗಲಿಲ್ಲ. ನೆಲಗಾಳಿಯನ್ನು ಅಂಗಳಕ್ಕೆ ಕರೆದಳು. ಬಿಸಿಲಿಗೆ ಅಂಗಳದ ಕಪ್ಪು ಮಣ್ಣು ರೊಟ್ಟಿಯ ಹಂಚಿನ ಹಾಗೆ ಕಾದಿತ್ತು. ನೆಲಗಾಳಿ ಹೊಸ್ತಿಲು ದಾಟಿ ಆ ಮಣ್ಣಿನ ಮೇಲೆ ಮೈಚಾಚಿದ್ದೇ ತಡ, ಬೆನ್ನು ಚುರ್ ಎಂದು ಸುಟ್ಟಿತು. ಮಲಗಲಾರದೆ ಮೇಲಕ್ಕೆದ್ದಿತು. ಒಂದೇ ಕಡೆ ಪಾದ ಊರಲಾರದೆ ತಿರುಗಿತು. ತಿರುಗಿದಷ್ಟೂ ಎತ್ತರಕ್ಕೆ ಹೋಯಿತು. ಸೊಂಟದೆತ್ತರ, ಆಳೆತ್ತರ, ಮನೆಯೆತ್ತರ. ಒಂದು ಗಾಳಿ ತನ್ನ ಕಾಲ ಮೇಲೆ ತಾನು ನಿಂತದ್ದು ಭೂಮಿಯ ಮೇಲೆ ಅದೇ ಮೊದಲು. ಕಾದ ನೆಲ ಕೆಳಗಿನಿಂದ, ಇನ್ನೂ ಏಳು, ಇನ್ನೂ ಏಳು ಎನ್ನುತ್ತಿತ್ತು.

ಬರಮಪ್ಪನ ಕೈಯಿಂದ ಬುಟ್ಟಿ ಬಿತ್ತು.

ದ್ಯಾಮವ್ವ ಕೂಸನ್ನು ಎತ್ತಿ ಅವನ ಕೈಗೆ ಕೊಟ್ಟು, ಬೇವಿನ ಮರದ ಕೆಳಗೆ ಹೋಗಿ ನಿಲ್ಲಲು ಹೇಳಿದಳು. ಅವನು ಹೋಗಿ ನಿಂತ. ಅವಳು ಬಾಗಿಲನ್ನು ಪೂರ್ತಿ ತೆರೆದಳು. ನಿಂತ ಗಾಳಿ ಸ್ವಲ್ಪ ಬಗ್ಗಿ ಒಳಗೆ ಹೋಯಿತು. ನಿಲ್ಲುವುದು ಈಗ ಅದಕ್ಕೆ ಬಂದಿತ್ತು, ತಂಪು ನೆಲ ಸಿಕ್ಕರೂ ಮಲಗಲಿಲ್ಲ. ಚಾಪೆಯ ಅಡಿಗೆ, ಗುಡಾಣದ ಸಂದಿಗೆ, ಮೂಲೆ ಮೂಲೆಗೆ ತಿರುಗುತ್ತ ನಡೆಯಿತು. ಒಲೆಯನ್ನು ಬಳಸಿಕೊಂಡು ಹೋಯಿತು. ಬೂದಿ ಬೆಕ್ಕು ಒಲೆಯ ಪಕ್ಕ ಕುಳಿತೇ ನೋಡಿತು, ಓಡಲಿಲ್ಲ. ಕೂದಲೆಲ್ಲ ಸುತ್ತುತ್ತ ಮೇಲೇರಿ ಗಾಳಿಯ ಹೊಟ್ಟೆಯೊಳಗೆ ಸೇರಿತು. ಗಂಟಲಿಗೆ ಒಂದೆಳೆಯೂ ಸಿಕ್ಕಲಿಲ್ಲ.

ಹೊರಗೆ ಬಂದ ಗಾಳಿ ಕೆಂಚನ ಮುಂದೆ ನಿಂತಿತು. ಮನೆಯ ಕೂದಲು ಹೋಯಿತು, ಆದರೆ ನಾಳೆಯ ಕೂದಲು ಇದರ ಮೈಮೇಲಿದೆ ಎಂದಿತು. ತೋಳಕ್ಕೆ ಹೆದರದ ನಾಯಿ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಕುಳಿತುಬಿಟ್ಟಿತು. ದ್ಯಾಮವ್ವ ಅದರ ಪಕ್ಕ ಬಂದು ಮೊಳಕಾಲೂರಿದಳು. ಕೊರಳ ಸುತ್ತ ಕೈಹಾಕಿದಳು.

"ನಾನಿದ್ದೀನಿ. ಕಣ್ಣು ಮುಚ್ಚಿಕೋ" ಎಂದಳು.

ಗಾಳಿ ಇಬ್ಬರನ್ನೂ ಒಳಗೆ ತೆಗೆದುಕೊಂಡಿತು. ದ್ಯಾಮವ್ವನ ತುರುಬು ಬಿಚ್ಚಿತು, ಸೆರಗು ಹಾರಿತು. ಕೆಂಚನ ಮೈಮೇಲೆ ಸಡಿಲವಾಗಿದ್ದ ಕಾಡಿನ ಕೂದಲೆಲ್ಲ ಮೋಡದ ಹಾಗೆ ಎದ್ದುಹೋಯಿತು. ಮರದ ಕೆಳಗಿದ್ದ ಬರಮಪ್ಪನಿಗೆ ಧೂಳಿನಲ್ಲಿ ಹೆಂಡತಿಯೂ ಕಾಣಲಿಲ್ಲ, ನಾಯಿಯೂ ಕಾಣಲಿಲ್ಲ. ಅವನು ಕೂಸನ್ನು ಎದೆಗೊತ್ತಿ ಹಿಡಿದು ನಿಂತ. ಧೂಳು ಇಳಿದಾಗ ಇಬ್ಬರೂ ಅಲ್ಲೇ ಕುಳಿತಿದ್ದರು. ದ್ಯಾಮವ್ವ ನಗುತ್ತಿದ್ದಳು. ಕೆಂಚ ತೆಳ್ಳಗಾಗಿ, ಮೈ ಒದರಿ, ಸೀನಿತು.

ಬೂದಿ ಇದನ್ನೆಲ್ಲ ಹೊಸ್ತಿಲಿನಿಂದ ನೋಡಿತ್ತು. ಗಾಳಿ ತನ್ನ ಕಡೆ ತಿರುಗುವ ಮೊದಲೇ, ನನ್ನ ಮೈ ನಾನೇ ನೋಡಿಕೊಳ್ಳುತ್ತೇನೆ ಎಂದು ಹೇಳಿ, ಕಾಲು ಚಾಚಿ ನೆಕ್ಕಿಕೊಳ್ಳಲು ಶುರುಮಾಡಿತು. ಇವತ್ತಿಗೂ ಅದು ಮುಗಿದಿಲ್ಲ.

ಗಾಳಿಯ ಹೊಟ್ಟೆ ತುಂಬಿತ್ತು. ಇದನ್ನೆಲ್ಲ ಎಲ್ಲಿ ಹಾಕಲಿ ಎಂದು ಕೇಳಿತು. ಅಂಗಳದಲ್ಲಿ ಬೇಡ, ಬೇಲಿಯ ಆಚೆಗೆ ನಡೆದುಹೋಗಿ ಅಲ್ಲಿ ಮಲಗು ಎಂದಳು ದ್ಯಾಮವ್ವ. ಗಾಳಿ ಬೇಲಿ ದಾಟಿ ಹೋಗಿ ಮೈ ಚೆಲ್ಲಿತು. ಕೂದಲು ಕಳ್ಳಿಗಿಡಗಳ ಮೇಲೆ ಬಿತ್ತು. ಸ್ವಲ್ಪ ಹೊತ್ತಿನಲ್ಲೇ ಗುಬ್ಬಿಗಳು ಬಂದು, ಇದು ಯಾರದಾದರೂ ಇದೆಯಾ ಎಂದು ಕೇಳಿ, ಯಾರದೂ ಅಲ್ಲವೆಂದು ತಿಳಿದ ಮೇಲೆ ಗೂಡಿಗೆ ಹೊತ್ತುಕೊಂಡು ಹೋದವು.

ಬರಮಪ್ಪ ಬಂದು ಕೆಂಚನ ಕೊರಳಿನ ಹಗ್ಗ ಬಿಚ್ಚಿದ. ಬಿಚ್ಚಲು ಬಹಳ ಹೊತ್ತು ಹಿಡಿಯಿತು, ಗಂಟನ್ನು ಅವನೇ ಗಟ್ಟಿಯಾಗಿ ಹಾಕಿದ್ದ. ಕೆಂಚ ಅವನ ಕೈ ನೆಕ್ಕಿತು. "ಬಾ, ಕುರಿ ಕಾಯ್ತಿವೆ" ಎಂದ ಬರಮಪ್ಪ.

ಕೂಸಿನ ಕೆಮ್ಮು ಅಂದೇ ನಿಲ್ಲಲಿಲ್ಲ. ಮರುದಿನ ಕಡಿಮೆಯಾಯಿತು, ಅದರ ಮರುದಿನ ಇನ್ನೂ ಕಡಿಮೆಯಾಯಿತು. ಮುಂದಿನ ಅಮಾವಾಸ್ಯೆಗೆ ಕೂಸು ಹೊಟ್ಟೆತುಂಬ ಹಾಲು ಕುಡಿದು, ಬೂದಿಯ ಬಾಲ ಹಿಡಿದುಕೊಂಡು ನಿದ್ದೆಹೋಯಿತು.

ದ್ಯಾಮವ್ವ ಕೊಟ್ಟ ಮಾತು ಮರೆಯಲಿಲ್ಲ. ಕೂಸಿಗೆ ಎಣ್ಣೆ ಹಚ್ಚುತ್ತಿದ್ದಾಗ ಅದರ ನೆತ್ತಿಯ ಕೂದಲು ತಿರುಗಿ ತಿರುಗಿ ಸುಳಿಯಾಗಿದ್ದನ್ನು ನೋಡಿದಳು. ಅಂಗಳಕ್ಕೆ ಬಂದು, "ಸುಳಿಗಾಳಿ" ಎಂದು ಕೂಗಿದಳು. ಬೇಲಿಯ ಆಚೆ ಮಲಗಿದ್ದ ಗಾಳಿ ತನ್ನ ಹೆಸರು ಕೇಳಿ ಎದ್ದು ನಿಂತಿತು. ಪ್ರತಿ ಬೇಸಿಗೆಯಲ್ಲೂ ಸಾಕಿದ ಜೀವಗಳು ಕೂದಲು ಉದುರಿಸುವ ಹೊತ್ತಿಗೆ ಬರುತ್ತೇನೆ ಎಂದಿತು. ನೆಲ ಚೆನ್ನಾಗಿ ಕಾದ ಮೇಲೆ ಬಾ, ಆಗ ನೀನು ಬೀಳುವುದಿಲ್ಲ ಎಂದಳು ದ್ಯಾಮವ್ವ.

ಅದಕ್ಕೇ ಮಗೂ, ಬೇಸಿಗೆಯ ಮಧ್ಯಾಹ್ನ ಎಲ್ಲರೂ ನೆರಳಿಗೆ ಸರಿದಾಗ ಬಯಲಿನಲ್ಲಿ ಸುಳಿಗಾಳಿ ಎದ್ದು ನಿಂತು, ಧೂಳನ್ನೂ ತರಗೆಲೆಯನ್ನೂ ನಮ್ಮ ನಾಯಿಯ ಕೂದಲನ್ನೂ ಎತ್ತಿಕೊಂಡು, ತಿರುಗುತ್ತ ತಿರುಗುತ್ತ ಬೇಲಿಯ ಆಚೆಗೆ ನಡೆದುಹೋಗಿ ಮಲಗುತ್ತದೆ.