ಉಸ್ತಾದರ ಹೆಬ್ಬೆರಳು

ಆ ಗರಡಿಮನೆಯಲ್ಲಿ ಒಂದು ಕಟ್ಟಳೆಯಿತ್ತು. ಎಲ್ಲಿ ನೋವಾದರೂ ಎಣ್ಣೆ ಹಚ್ಚು, ಬಲವಾಗಿ ತಿಕ್ಕು. ಉಸ್ತಾದ್ ಪುಟ್ಟಮಾದಯ್ಯನವರು ಎಲ್ಲ ಪೈಲ್ವಾನರಿಗೂ ಕಲಿಸಿದ್ದು ಅದನ್ನೇ. ಅವರ ಶಿಷ್ಯ ಜವರನ ಕೈ ಬಿದ್ದರೆ ಎಂಥ ಉಳುಕೂ ಬಿಡುತ್ತದೆ ಎಂಬ ಮಾತಿತ್ತು.

ಒಂದು ಬೆಳಗ್ಗೆ ಉಸ್ತಾದರೇ ಮನೆಯಲ್ಲಿ ಚಾಪೆ ಬಿಟ್ಟು ಏಳಲಿಲ್ಲ. ಕಾಲಿನ ಹೆಬ್ಬೆರಳ ಬುಡ ಊದಿಕೊಂಡು ಕೆಂಡದ ಹಾಗೆ ಕೆಂಪಾಗಿತ್ತು.

"ಉಳುಕಿದೆ ಕಣೋ ಜವರ. ತಿಕ್ಕು."

ಜವರ ಬಿಸಿ ಎಣ್ಣೆ ಹಚ್ಚಿ ಒಮ್ಮೆ ಒತ್ತಿದ. ಎದುರಾಳಿ ಎದೆ ಮೇಲೆ ಕೂತರೂ ತುಟಿಪಿಟಕ್ಕೆನ್ನದ ಉಸ್ತಾದರು ಕಿರುಚಿಕೊಂಡರು. ಜವರ ಕೈ ಹಿಂದಕ್ಕೆ ತೆಗೆದ.

"ನಿಲ್ಲಿಸಬೇಡ! ನೋವಾದಷ್ಟೂ ಬಿಡುತ್ತೆ ಅಂತ ನಾನೇ ಕಲಿಸಿಲ್ವಾ?"

ಸುತ್ತ ನಿಂತಿದ್ದ ಪೈಲ್ವಾನರು ಕುಟುಕಿದರು. "ಗುರುಗಳ ಮಾತು ಮೀರ್ತೀಯೇನೋ? ಕೈಯಲ್ಲಿ ಕಸುವಿಲ್ವಾ?"

ಜವರ ಇಕ್ಕಟ್ಟಿಗೆ ಸಿಕ್ಕಿದ. ತಿಕ್ಕಿದರೆ ಗುರುವಿಗೆ ನರಕ. ತಿಕ್ಕದಿದ್ದರೆ ತನಗೆ ಗರಡಿಯೇ ಇಲ್ಲ.

ಅಷ್ಟರಲ್ಲಿ ಒಂದು ನೊಣ ಹೆಬ್ಬೆರಳ ಮೇಲೆ ಕೂತಿತು. "ಅಯ್ಯಮ್ಮಾ!" ಎಂದರು ಉಸ್ತಾದರು. ನೊಣ ಕೂತರೂ ನೋಯುವ ಉಳುಕನ್ನು ಜವರ ಎಂದೂ ಕಂಡಿರಲಿಲ್ಲ.

ಅವನು ಎಣ್ಣೆ ಬಟ್ಟಲನ್ನು ದೂರ ಸರಿಸಿದ. "ನಾನು ತಿಕ್ಕಲ್ಲ ಉಸ್ತಾದ್. ಬೇರೆಯವರನ್ನೂ ತಿಕ್ಕೋಕೆ ಬಿಡಲ್ಲ. ಡಾಕ್ಟರನ್ನ ಕರ್ಕೊಂಡು ಬರ್ತೀನಿ."

"ಹಾಗಾದ್ರೆ ಇನ್ಮೇಲೆ ಈ ಗರಡಿ ಮಣ್ಣು ಮುಟ್ಟಬೇಡ!"

ಜವರ ಡಾಕ್ಟರನ್ನು ಕರೆಯಲು ಓಡಿದ.

ಡಾಕ್ಟರಮ್ಮ ಬಂದು ನೋಡಿದರು. "ಇದು ಉಳುಕಲ್ಲ, ಗೌಟ್. ಕೀಲಿನೊಳಗೆ ಸೂಜಿಯಂಥ ಹರಳು ಕಟ್ಟಿದೆ. ತಿಕ್ಕಿದರೆ ಇನ್ನೂ ಕೆರಳುತ್ತೆ." ಕಿಡ್ನಿ, ಹೊಟ್ಟೆಯ ತೊಂದರೆ ಏನಾದರೂ ಇದೆಯೇ ಎಂದು ವಿಚಾರಿಸಿಯೇ ಮಾತ್ರೆ ಕೊಟ್ಟರು. ಕಾಲನ್ನು ದಿಂಬಿನ ಮೇಲೆ ಎತ್ತಿಡಿ, ತಣ್ಣೀರು ಬಟ್ಟೆ ಹಗುರವಾಗಿ ಹಾಕಿ, ನಡೆಸಬೇಡಿ ಎಂದರು.

ಮಾತ್ರೆ ಹಿಡಿಯದಿದ್ದರೆ? ತನ್ನ ಹಟವೇ ತಪ್ಪಾಗಿದ್ದರೆ? ಜವರ ದಿನವಿಡೀ ಬಟ್ಟೆ ಬದಲಿಸುತ್ತಾ, ನೊಣ ಓಡಿಸುತ್ತಾ ಕೂತ. ಉಸ್ತಾದರು ಅವನ ಮುಖ ನೋಡಲಿಲ್ಲ. ಸಂಜೆಗೆ ಅವರಿಗೆ ಜೋಂಪು ಹತ್ತಿತು. ಆಗ ಜವರನ ಮನಸ್ಸೂ ಹಗುರಾಯಿತು.

ವಾರ ಕಳೆದು ಉಸ್ತಾದರು ಗರಡಿಗೆ ಬಂದರು. ಅಂದೇ ಒಬ್ಬ ಪೈಲ್ವಾನ ಮಂಡಿ ಹಿಡಿದು ಕುಸಿದ. ಎಲ್ಲರೂ ಎಣ್ಣೆಗೆ ಓಡಿದರು.

"ತಡೀರೋ! ಮೊದಲು ಎಲ್ಲಿ ನೋವು, ಹೇಗೆ ನೋವು ಅಂತ ಅವನನ್ನ ಕೇಳಿ," ಎಂದು ಗದರಿದರು ಉಸ್ತಾದರು. ಹೊಸ್ತಿಲಾಚೆ ನಿಂತಿದ್ದ ಜವರನ ಕಡೆ ತಿರುಗಿದರು. "ನೀನ್ಯಾಕೋ ಹೊರಗೆ? ಬಾ, ಮಣ್ಣು ಮುಟ್ಟು. ನಿನ್ನ ಕೈ ಸುಮ್ಮನಿದ್ದದ್ದೇ ನನಗೆ ಮದ್ದಾಯ್ತು."

ಜವರ ಒಳಗೆ ಬಂದು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡ.

ನೀತಿ: ನೋವಿಗೆ ಕೈ ಹಾಕುವ ಮೊದಲು ಅದು ಎಂಥ ನೋವೆಂದು ತಿಳಿಯಬೇಕು. ಗುರುವಿನ ಮಾತಿಗಿಂತ ಗುರುವಿನ ಹಿತ ದೊಡ್ಡದು.