ನಿಂತ ನೀರಿಗೆಲ್ಲ ಒಂದು ಮೀನು

ಊರಿಗೊಬ್ಬ ಪೆದ್ದ ಇರಲೇಬೇಕಂತೆ. ಈ ಕತೆಯ ಊರಿನ ಪೆದ್ದ ಅಡಿವೆಪ್ಪ. ಪೆದ್ದ ಎಂದರೆ ಮಾತು ಕೇಳದವನು ಎಂದುಕೊಳ್ಳಬೇಡಿ. ಇವನು ಮಾತನ್ನು ಅತಿಯಾಗಿ ಕೇಳುವವನು. ಕುಂದ್ರು ಎಂದರೆ ಕೂರುವನು, ಏಳು ಎನ್ನುವ ತನಕ ಏಳನು. ಅವನ ತಾಯಿ ಫಕೀರವ್ವ ಹಣೆ ಬಡಿದುಕೊಂಡು, "ಶಿವನ, ಬಂಗಾರದಂಥ ಮಗನ್ನ ಕೊಟ್ಟಿ, ಬುದ್ಧಿ ಕೊಡೋದು ಮರತಿ!" ಎನ್ನುವಳು.

ಆ ಊರಲ್ಲಿ ನಲ್ಲಿಗೆ ನೀರು ಬರುವುದು ವಾರಕ್ಕೊಮ್ಮೆ. ವಾರಕ್ಕೊಮ್ಮೆ ಬರುವ ನೀರನ್ನು ವಾರವಿಡೀ ಹಿಡಿದಿಡಬೇಕು. ಹಾಗಾಗಿ ಮನೆಮನೆಯಲ್ಲೂ ಡ್ರಮ್ಮು, ಕೊಡ, ಹಂಡೆ. ಹಿಡಿದಿಟ್ಟ ನೀರೆಂದರೆ ನಿಂತ ನೀರು. ನಿಂತ ನೀರಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ. ಮೊಟ್ಟೆ ಮರಿಯಾಗಿ, ಮರಿ ಸೊಳ್ಳೆಯಾಗಿ, ಆ ಸೊಳ್ಳೆ ಹಾಡಹಗಲೇ ಕಚ್ಚಿ ಡೆಂಗಿ ಜ್ವರ ಹಬ್ಬಿಸುತ್ತದೆ. ಹೋದ ವರ್ಷ ಫಕೀರವ್ವನಿಗೂ ಬಂದಿತ್ತು. ಬದುಕಿ ಬಂದಳು. ಆದರೆ ಡಾಕ್ಟರು, "ಅಮ್ಮಾ, ಇನ್ನೊಮ್ಮೆ ಬಂದರೆ ಇದಕ್ಕಿಂತ ಜೋರಾಗಬಹುದು, ಹುಷಾರು" ಎಂದಿದ್ದರು. ಅವತ್ತಿನಿಂದ ಅವಳಿಗೆ ಒಂದೇ ಚಿಂತೆ: "ನಾ ಹೋದರ ಇವನಿಗೆ ಕುಂದ್ರು ಅನ್ನೋರು ಯಾರು? ಏಳು ಅನ್ನೋರು ಯಾರು?"

ಮಳೆಗಾಲ ಬಂತು. ಪಕ್ಕದ ಓಣಿಯಲ್ಲಿ ಮನೆಗೊಬ್ಬರಂತೆ ಜ್ವರದಲ್ಲಿ ಮಲಗಿದರು. ಆಶಾ ಕಾರ್ಯಕರ್ತೆ ಗುರುಬಾಯಕ್ಕ, ಅಂದರೆ ಮನೆಮನೆಗೆ ಬಂದು ಆರೋಗ್ಯ ವಿಚಾರಿಸುವವಳು, ಅವಸರದಲ್ಲಿ ಬಂದಳು. "ತಮ್ಮಾ, ನಿಂತ ನೀರು ಚೆಲ್ಲು, ನಿಮ್ಮವ್ವನ್ನ ಉಳಿಸಿಕೋ!" ಎಂದವಳೇ ಮುಂದಿನ ಮನೆಗೆ ಹೋದಳು.

ಅವ್ವನನ್ನು ಉಳಿಸಬೇಕಲ್ಲ! ಅಡಿವೆಪ್ಪ ಎದ್ದ. ಹಿತ್ತಲಿನ ಹಳೇ ಟೈರಿನ ನೀರು ಚೆಲ್ಲಿದ. ಒಡೆದ ಮಡಕೆಯ ನೀರು ಚೆಲ್ಲಿದ. ಅಲ್ಲಿಗೆ ಬಿಟ್ಟಿದ್ದರೆ ಜಾಣನೇ. ಕೊಡ ಚೆಲ್ಲಿದ, ಡ್ರಮ್ಮು ಚೆಲ್ಲಿದ. ಪಕ್ಕದ ಮನೆಯ ತೋಟಪ್ಪಜ್ಜ ಮೈತುಂಬ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ಅವನ ಬಕೀಟನ್ನೂ ಚೆಲ್ಲಿದ! ನಲ್ಲಿ ಬಂದು ಹೋದದ್ದು ನಿನ್ನೆ. ಮತ್ತೆ ಬರುವುದು ಮುಂದಿನ ವಾರ!

"ಎಲಾ ಇವನ! ಸೋಪು ಕಣ್ಣಾಗ ಹೊಕ್ಕೈತಿ, ನೀರು ಗಟಾರದಾಗ ಹೊಕ್ಕೈತಿ!" ಎಂದು ಅಜ್ಜ ಒದರಿದ.

ಫಕೀರವ್ವ ಓಡಿ ಬಂದಳು. "ಹುಚ್ಚಪ್ಪಾ! ಬೇಕಾದ ನೀರು ಚೆಲ್ಲತಾರೇನೋ? ಸೊಳ್ಳಿ ಒಳಗ ಹೋಗದಂಗ ಗಟ್ಟಿಯಾಗಿ ಮುಚ್ಚಬೇಕು!"

"ಹೂಂ ಅವ್ವಾ. ಇನ್ನ ಮುಚ್ಚತೀನಿ."

ಮುಂದಿನ ವಾರ ನೀರು ಬಂತು. ಅಡಿವೆಪ್ಪ ಮುಚ್ಚಿದ. ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಿದ. ಕೊಡದ ಬಾಯಿಗೆ ತಟ್ಟೆ ಇಟ್ಟು ಮುಚ್ಚಿದ. ತೋಟಪ್ಪಜ್ಜ ಕಟ್ಟೆಯ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಬಾಯಲ್ಲೂ ನೀರಿರುತ್ತದಲ್ಲ! ಅದಕ್ಕೂ ಒಂದು ರೊಟ್ಟಿ ಮುಚ್ಚಿದ!

ಅಜ್ಜ ಕೆಮ್ಮುತ್ತ ಎದ್ದು ಕೂತ. "ಉಸಿರ ಕಟ್ಟಿಸ್ತೀಯೇನೋ ಮಗನ! ಮುಚ್ಚಾವ ಒಂದೀಟು ಚಟ್ನಿಯರ ಹಚ್ಚಬಾರದ?"

"ಅಯ್ಯೋ ನನ ಹಣೆಬರಹವ!" ಎಂದಳು ಫಕೀರವ್ವ. "ಮುಚ್ಚೋಕಿಂತ ಮೊದಲ ಬಗ್ಗಿ ನೋಡಬೇಕಲ್ಲೋ! ನೀರಾಗ ಏನರ ಮಿಸುಕಾಡತಿದ್ದರ ಅದು ಸೊಳ್ಳಿ ಮರಿ. ಒಣ ನೆಲಕ್ಕ ಚೆಲ್ಲಬೇಕು, ಸಾಯ್ತಾವ."

"ಹೂಂ ಅವ್ವಾ. ಇನ್ನ ಬಗ್ಗಿ ನೋಡತೀನಿ."

ಓಣಿಯ ತುದಿಯಲ್ಲಿ ದನ ನೀರು ಕುಡಿಯುವ ತೊಟ್ಟಿ ಇತ್ತು. ಅಡಿವೆಪ್ಪ ಬಗ್ಗಿ ನೋಡಿದ. ಮಿಸುಕಾಡುತ್ತಿದೆ! ಒಂದಲ್ಲ, ಎರಡಲ್ಲ, ರಾಶಿ ರಾಶಿ! ಜರಡಿ ತಂದ, ಸೋಸಿದ, ನೆಲಕ್ಕೆ ಚೆಲ್ಲಿದ.

"ಅಯ್ಯಯ್ಯ ತಮ್ಮಾ!" ಗುರುಬಾಯಕ್ಕ ಕೂಗುತ್ತ ಬಂದು ಎರಡೂ ಕೈಯಲ್ಲಿ ಬಾಚಿ ಬಾಚಿ ನೀರಿಗೆ ಹಾಕಿದಳು. "ಇವು ಸೊಳ್ಳೆ ಮರಿ ಅಲ್ಲೋ, ಸೊಳ್ಳೆ ಮರಿ ತಿನ್ನೋ ಗಪ್ಪಿ ಮೀನು! ಮುಂಜಾನಿ ನಾನ ತಂದು ಬಿಟ್ಟೀನಿ! ತಗೋ, ಈ ನಾಕನ್ನ ನೀನ ಸಾಕು, ಬೆಳೀತಾವ. ಕಿವಿಗೊಟ್ಟು ಕೇಳು. ಚೆಲ್ಲಾಕ ಬರದ, ಮುಚ್ಚಾಕ ಬರದ ನೀರು ಎಲ್ಲೆ ನಿಂತಿದ್ದರೂ ಅದಕ್ಕೊಂದು ಮೀನು ಬಿಡು!"

"ಹೂಂ ಅಕ್ಕಾ. ಇನ್ನ ಮೀನು ಬಿಡತೀನಿ."

ಗಪ್ಪಿ ಬೇಗ ಬೇಗ ಮರಿ ಹಾಕುವ ಮೀನು. ನಾಲ್ಕು ಇದ್ದವು ಗಾಜಿನ ಭರಣಿ ತುಂಬ ಆದವು. ಅಡಿವೆಪ್ಪ ಭರಣಿ ಕಂಕುಳಲ್ಲಿ ಹಿಡಿದು ಹೊರಟ. ಪಾಳು ಬಾವಿಗೆ ಬಿಟ್ಟ. ಅರ್ಧ ಕಟ್ಟಿದ ಮನೆಯ ತೊಟ್ಟಿಗೆ ಬಿಟ್ಟ. ತೋಟಪ್ಪಜ್ಜ ಕಟ್ಟಿಸಿಕೊಂಡ ಹಲ್ಲನ್ನು ತೆಗೆದಿಡುವ ಲೋಟಕ್ಕೂ ಬಿಟ್ಟ!

"ಫಕೀರವ್ವಾ! ನನ್ನ ಹಲ್ಲಿನ ಸಂದ್ಯಾಗ ಮೀನು ಈಜಾಡಾಕತ್ತಾವ ಬಾರವ್ವಾ!"

ಇಷ್ಟಾದ ಮೇಲೆ ಓಣಿಯವರು ಹೆದರಿದರು. ಅಡಿವೆಪ್ಪ ಬಂದ ಎಂದರೆ ಸಾಕು, ಅವನು ಚೆಲ್ಲುವ ಮೊದಲೇ ಬೇಡದ ನೀರನ್ನು ತಾವೇ ಚೆಲ್ಲುವರು. ಅವನು ಮುಚ್ಚುವ ಮೊದಲೇ ಡ್ರಮ್ಮನ್ನು ತಾವೇ ಮುಚ್ಚುವರು. ವಾರ ವಾರವೂ ಅವನು ಬರುವನು, ವಾರ ವಾರವೂ ಇವರು ಓಡುವರು!

ಮಳೆಗಾಲ ಮುಗಿಯಿತು. ಸುತ್ತಲ ಓಣಿಗಳಲ್ಲೆಲ್ಲ ಜ್ವರ ಬಂದು ಹೋಯಿತು. ಈ ಓಣಿಯಲ್ಲಿ ಒಬ್ಬರೂ ಮಲಗಲಿಲ್ಲ. ಫಕೀರವ್ವನ ಮೈ ಒಂದು ದಿನವೂ ಬಿಸಿಯಾಗಲಿಲ್ಲ.

ಗುರುಬಾಯಕ್ಕ ಬಂದು, "ನಾ ಹೇಳಿ ಹೇಳಿ ಸಾಕಾಗಿದ್ದೆ. ನಿನ್ನ ಮಗ ಮಾಡಿ ತೋರಿಸಿದ ನೋಡಬೇ" ಎಂದಳು. ಬೈದು ಬೈದು ಗಂಟಲು ಹರಿದುಕೊಂಡಿದ್ದ ತೋಟಪ್ಪಜ್ಜನೂ ಬಾಳೆಹಣ್ಣು ಹಿಡಿದು ಬಂದ. "ತಗೋಳೋ ನಮ್ಮಪ್ಪಾ. ನಿನ್ನ ಕಾಟದಾಗ ನಾವೆಲ್ಲ ಬದುಕಿದ್ವಿ" ಎಂದ.

ಫಕೀರವ್ವ ಗುರುಬಾಯಕ್ಕನಿಗೆ ಕೈ ಮುಗಿದಳು, ಅಜ್ಜನಿಗೆ ಕೈ ಮುಗಿದಳು. ಆಮೇಲೆ ಮಗನ ಎರಡೂ ಕೆನ್ನೆ ಹಿಡಿದು, "ನಿನಗ ಬುದ್ಧಿ ಕೊಡೋದು ಮರತಾನ ಅಂತ ಆ ಶಿವನ್ನ ಎಷ್ಟು ಬೈದೆನೋ ನನ ಕಂದಾ! ನನ್ನ ನೀನ ಉಳಿಸಿದಿ" ಎಂದಳು. ಅವಳ ಕಣ್ಣು ತುಂಬಿ ಬಂದವು.

ಅಡಿವೆಪ್ಪ ಬಗ್ಗಿ ನೋಡಿದ. ನೀರು! ನಿಂತ ನೀರು! ಚೆಲ್ಲೋಣವೆಂದರೆ ಅವ್ವನ ಕಣ್ಣು. ಮುಚ್ಚೋಣವೆಂದರೆ ಅವ್ವ ತನ್ನನ್ನೇ ನೋಡುತ್ತಿದ್ದಾಳೆ.

ಮೆಲ್ಲಗೆ ಭರಣಿಗೆ ಕೈ ಹಾಕಿದ.

"ಅವ್ವಾ, ಅಲ್ಲಾಡಬ್ಯಾಡ. ಕಣ್ಣು ಅಗಲ ತಗಿ. ಸಣ್ಣ ಮೀನ ಆರಿಸೀನಿ!"