ಕಪ್ಪು ಗರಿಯ ಭತ್ತ

"ಅಜ್ಜಾರ, ನಾಳೆ ಹಾಡೂಕಿಂತ ಮೊದಲ ಯಾರ್ಯಾರ ಹೆಸರು ಹೇಳಿ ನಮಸ್ಕಾರ ಮಾಡಬೇಕ್ರಿ?" ಎಂದು ಗದಿಗಯ್ಯ ತನ್ನ ಗುರುಗಳನ್ನು ಕೇಳಿದ.

ಬಾಯಲ್ಲಿ ಬಂದದ್ದು ಅಷ್ಟೇ ಆದರೂ ಅವನ ಹೊಟ್ಟೆಯೊಳಗಿದ್ದ ಪ್ರಶ್ನೆ ಬೇರೆ. ಮರುದಿನ ಮಠದಲ್ಲಿ ಅವನ ಮೊದಲ ಗಾಯನ. ಹಾಡುವವರು ಸಭೆಯ ಮುಂದೆ ತಮಗೆ ಕಲಿಸಿದವರ ಹೆಸರು ಹೇಳಿ, ಕೈಮುಗಿದು, ಆಮೇಲೆ ಷಡ್ಜ ಹಿಡಿಯುವುದು ಆ ಮಠದ ಪದ್ಧತಿ. ಈಗ ಕಲಿಸುತ್ತಿರುವ ಅಜ್ಜಾರ ಹೆಸರು ಹೇಳಲು ಅವನಿಗೆ ಎಲ್ಲಿಲ್ಲದ ಹುರುಪು. ಆದರೆ ಅವರಿಗಿಂತ ಮೊದಲು ಕಲಿಸಿದ ಹಿರಿಯರೊಬ್ಬರಿದ್ದರು. ಅವರು ಇವನನ್ನು ಒಂದು ಸಾಲು ಪೂರ್ತಿ ಹಾಡಗೊಟ್ಟವರಲ್ಲ. ಬಾಯಿ ತೆರೆದರೆ ತಪ್ಪು ಎನ್ನುವರು. ಮುಚ್ಚಿದರೆ ಯಾಕೆ ಮುಚ್ಚಿದೆ ಎನ್ನುವರು. ನಾಳೆ ಅವರೂ ಬಂದು ಮುಂದಿನ ಸಾಲಿನಲ್ಲಿ ಕೂರುವವರಿದ್ದರು. ಹೆಸರು ಬಿಟ್ಟರೆ ಸಭೆಗೆಲ್ಲ ತಿಳಿಯುತ್ತದೆ. ಹೇಳೋಣವೆಂದರೆ ಇವನ ಮನಸ್ಸು ಒಪ್ಪುವುದಿಲ್ಲ.

"ನನಗ ಹಾಡು ಕೊಟ್ಟವರು ನೀವು. ಅವರ ಕಡೆಯಿಂದ ಸಿಕ್ಕಿದ್ದು ಬೈಗುಳ ಅಷ್ಟ," ಎಂದು ಕೊನೆಗೆ ಹೇಳಿಯೇಬಿಟ್ಟ.

ಅಜ್ಜಾರು ತಂಬೂರಿಯನ್ನು ಪಕ್ಕಕ್ಕಿಟ್ಟು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ತಾಯಿಯ ಕಾಲದಿಂದ ಅವನ ಹೊಲದಲ್ಲಿ ಪರಿಮಳದ ಒಂದು ಸಣ್ಣಭತ್ತ ಬೆಳೆಯುತ್ತಿತ್ತು. ಆ ಅಕ್ಕಿ ಒಲೆಯ ಮೇಲೆ ಕುದಿಯತೊಡಗಿದರೆ ಓಣಿಯವರಿಗೆಲ್ಲ ಅವನ ಮನೆಯ ಊಟದ ಹೊತ್ತು ತಿಳಿಯುತ್ತಿತ್ತು. ಸುತ್ತಮುತ್ತ ಬೇರೆ ಯಾರ ಹತ್ತಿರವೂ ಆ ಬೀಜ ಉಳಿದಿರಲಿಲ್ಲ. ಇಂಥ ಹೊಲಕ್ಕೆ ಕಾಡುಭತ್ತ ಹೊಕ್ಕಿತು.

ಕಾಡುಭತ್ತವೆಂದರೆ ಕಳೆ. ಆದರೆ ಅದು ಹುಟ್ಟುವುದು ಥೇಟ್ ಭತ್ತದಂತೆಯೇ. ಅದೇ ಹಸಿರು, ಅದೇ ಗರಿ. ತೆನೆ ಬರುವವರೆಗೆ ಯಾವುದು ಬೆಳೆ, ಯಾವುದು ಕಳೆ ಎಂದು ಗುರುತು ಹತ್ತುವುದಿಲ್ಲ. ತೆನೆ ಬಂದ ಮೇಲೆ ಗುರುತಿಸಿ ಉಪಯೋಗವಿಲ್ಲ. ಕೊಯ್ಲಿಗೆ ಮೊದಲೇ ಅದು ತನ್ನ ಕಾಳನ್ನೆಲ್ಲ ನೆಲಕ್ಕೆ ಉದುರಿಸಿ, ಮುಂದಿನ ವರ್ಷದ ಏರ್ಪಾಡು ಮುಗಿಸಿಕೊಂಡು, ಬರಿಗೈಯಲ್ಲಿ ನಿಂತಿರುತ್ತದೆ. ರೈತ ಪ್ರತಿ ವರ್ಷ ಕಳೆ ಕೀಳಲು ಇಳಿಯುತ್ತಿದ್ದ. ಕಿತ್ತದ್ದರಲ್ಲಿ ಅರ್ಧ ಅವನ ಭತ್ತವೇ. ಎಲ್ಲಕ್ಕಿಂತ ಎತ್ತರವಾಗಿ, ಸೊಕ್ಕಿ ಬೆಳೆದ ಬುಡಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಬಂದವರಿಗೆಲ್ಲ ಅವನ್ನೇ ತೋರಿಸಿ ಮೀಸೆ ತಿರುವುತ್ತಿದ್ದ. ಕಾಡುಭತ್ತಕ್ಕೆ ಅವನಿಗಿಂತ ಒಳ್ಳೆಯ ಯಜಮಾನ ಎಲ್ಲಿ ಸಿಗಬೇಕು?

ವರ್ಷದಿಂದ ವರ್ಷಕ್ಕೆ ಪರಿಮಳದ ಭತ್ತ ಕಡಿಮೆಯಾಗುತ್ತ ಬಂತು. ಬೀಜಕ್ಕಿಟ್ಟರೆ ಊಟಕ್ಕಿಲ್ಲ, ಉಂಡರೆ ಬೀಜಕ್ಕಿಲ್ಲ ಎನ್ನುವಂತಾಯಿತು. ಇನ್ನೊಂದು ಸುಗ್ಗಿ ಹೀಗೇ ಕಳೆದರೆ ತಾಯಿಯ ಭತ್ತ ಭೂಮಿಯ ಮೇಲೆ ಇರುವುದಿಲ್ಲ ಎಂದು ರೈತ ಕಂಗಾಲಾದ.

ಸುದ್ದಿ ಕೇಳಿ ಅವನ ಮಾವ, ಹೆಂಡತಿಯ ತಂದೆ, ಒಂದು ಚೀಲ ಬೀಜ ಕಳಿಸಿದ. ಈ ವರ್ಷ ನಿಮ್ಮ ಬೀಜವನ್ನು ಬೂದಿ ಬೆರೆಸಿ ಗಡಿಗೆಯಲ್ಲಿಡಿ, ಹೊಲಕ್ಕೆ ಇದನ್ನು ಬಿತ್ತಿ ಎಂದಷ್ಟೇ ಹೇಳಿಕಳಿಸಿದ. ಯಾಕೆಂದು ಹೇಳಲಿಲ್ಲ. ಆ ಮನುಷ್ಯನ ಸ್ವಭಾವವೇ ಹಾಗೆ. ಮಾತು ಕಡಿಮೆ, ಆಡಿದ್ದೂ ಒರಟು.

ರೈತ ಬಿತ್ತಿದ. ಮಳೆಯಾಯಿತು, ಮೊಳಕೆ ಎದ್ದಿತು. ಗರಿ ಬಿಚ್ಚಿದಾಗ ನೋಡಿದರೆ ಹಸಿರಲ್ಲ, ನೇರಳೆ ಹಣ್ಣಿನ ಕಪ್ಪು! ದಾರಿಯಲ್ಲಿ ಹೋಗುವವರು ಹೊಲಕ್ಕೆ ಮಸಿ ಬಳಿದಿದ್ದೀಯಾ ಎಂದು ನಕ್ಕರು. ಅದನ್ನಾದರೂ ಅವನು ನುಂಗಿಕೊಳ್ಳುತ್ತಿದ್ದ. ಆದರೆ ಆ ಕಪ್ಪು ಸಾಲುಗಳ ನಡುವೆ, ಸಂದಿಯಲ್ಲಿ, ಮೂಲೆಯಲ್ಲಿ, ಎಲ್ಲಿ ನೋಡಿದರಲ್ಲಿ ಹಸಿರು ಕಾಡುಭತ್ತ. ಇಷ್ಟು ಕಳೆಯನ್ನು ಅವನು ತನ್ನ ಹೊಲದಲ್ಲಿ ಎಂದೂ ಕಂಡಿರಲಿಲ್ಲ. ಅವನಿಗೆ ಮೈ ಉರಿದುಹೋಯಿತು. ಎಲ್ಲವನ್ನೂ ಬುಡಸಹಿತ ಹರಗಿ ಹಾಕಲು ಎತ್ತು ಕುಂಟೆ ಹೊಡೆದುಕೊಂಡು ಬಂದ.

"ನಿಮ್ಮಪ್ಪ ಬೀಜ ಕೊಟ್ಟಾನೋ, ಕಸ ಕೊಟ್ಟಾನೋ? ಹಸನಾಗಿದ್ದ ಹೊಲ ಕೆಡಿಸಿಬಿಟ್ಟ!" ಎಂದು ಹೆಂಡತಿಯ ಮೇಲೆ ಹರಿಹಾಯ್ದ.

ಅವಳು ಎತ್ತುಗಳ ಮುಂದೆಯೇ ಕುಳಿತು, ಒಂದು ಕಪ್ಪು ಸಸಿ, ಒಂದು ಹಸಿರು ಸಸಿ ಕಿತ್ತು ಅವನ ಕೈಯಲ್ಲಿಟ್ಟಳು.

"ನಮ್ಮಪ್ಪ ಕೊಟ್ಟಿದ್ದು ಬರೇ ಕರೀದು. ಹಸರಂದು ನಮ್ಮ ಹೊಲದ್ದ ಐತ್ರಿ. ಮೊದಲೂ ಇತ್ತು. ಈಗ ಕಾಣಾಕ ಹತ್ತೇತಿ."

ರೈತ ಎರಡೂ ಸಸಿಗಳನ್ನು ಒಂದರ ಪಕ್ಕ ಒಂದು ಹಿಡಿದು ನೋಡಿದ. ಆಮೇಲೆ ಎತ್ತು ಬಿಚ್ಚಿದ. ಗಂಡ ಹೆಂಡತಿ ಇಬ್ಬರೂ ಹೊಲಕ್ಕಿಳಿದರು. ಈ ಸಲ ಯಾವ ಅನುಮಾನವೂ ಇರಲಿಲ್ಲ. ಹಸಿರು ಕಂಡದ್ದನ್ನೆಲ್ಲ ಕಿತ್ತರು. ಬದುವಿನ ಮೇಲೆ ರಾಶಿ ಬಿತ್ತು. ದನಗಳಿಗೆ ಹಬ್ಬವಾಯಿತು.

ಕಪ್ಪು ಗರಿಯ ಭತ್ತ ಹೇಳಿಕೊಳ್ಳುವಂಥ ಬೆಳೆಯೇನಲ್ಲ. ಇಳುವರಿ ಕಡಿಮೆ, ಅಕ್ಕಿ ದಪ್ಪ, ಅನ್ನ ಗಂಟಲಿಗೆ ತಡೆಯುತ್ತದೆ. ವರ್ಷವಿಡೀ ರೈತ ಅದನ್ನೇ ಉಂಡ, ವರ್ಷವಿಡೀ ಗೊಣಗಿದ. ಮರುವರ್ಷ ಗಡಿಗೆಯ ಬೀಜ ತೆಗೆದು ಬಿತ್ತಿದ. ಅಲ್ಲೊಂದು ಇಲ್ಲೊಂದು ಕಾಡುಭತ್ತ ತಲೆಯೆತ್ತಿತು, ಅಷ್ಟೇ. ಹೂ ಕಚ್ಚುವ ಕಾಲಕ್ಕೆ ಬದುವಿನ ಮೇಲೆ ನಿಂತರೆ ಹೊಲವೆಲ್ಲ ತಾಯಿಯ ಅಡಿಗೆಮನೆಯಾಗಿತ್ತು. ಆ ವಾಸನೆಗೆ ರೈತ ಅತ್ತುಬಿಟ್ಟ.

ಹೊಸ ಅಕ್ಕಿಯ ಊಟಕ್ಕೆ ಅವನು ಬಂಧುಬಳಗವನ್ನೆಲ್ಲ ಕರೆದ. ಮಾವನೂ ಬಂದ. ಎಲೆಗಳಿಗೆಲ್ಲ ಪರಿಮಳದ ಅನ್ನ ಬಿತ್ತು. ರೈತ ಮಾತ್ರ ಒಳಗೆ ಹೋಗಿ, ಹಿಂದಿನ ವರ್ಷದಿಂದ ಉಳಿಸಿ ಬೇಯಿಸಿದ ದಪ್ಪಕ್ಕಿಯ ಅನ್ನ ತಂದು, ಕಣ್ಣಿಗೊತ್ತಿಕೊಂಡು ಮೊದಲ ತುತ್ತಾಗಿ ಉಂಡ. ಪಕ್ಕದಲ್ಲಿ ಕೂತವರಿಗೆ ವಿಚಿತ್ರವೆನಿಸಿತು. ಇಂಥ ಅನ್ನ ಮುಂದಿಟ್ಟುಕೊಂಡು ಅದನ್ನೇಕೆ ತಿನ್ನುತ್ತೀ ಎಂದರು.

"ಇದು ಬರದಿದ್ದರ ಅದು ಇರತಿದ್ದಿಲ್ಲ," ಎಂದ ರೈತ. ಎದ್ದು ಹೋಗಿ ಮಾವನ ಕಾಲು ಮುಟ್ಟಿದ. ಮಾವ ಆಗಲೂ ಬದಲಾಗಲಿಲ್ಲ. "ಅನ್ನ ಆರತೈತಿ, ಹೋಗಿ ಉಣ್ಣು," ಎಂದ.

ಕತೆ ಮುಗಿಯಿತು. ಗದಿಗಯ್ಯನಿಗೆ ರೈತ ಹಿಡಿಸಿದ, ರೈತನ ಹೆಂಡತಿಯಂತೂ ಇನ್ನೂ ಹಿಡಿಸಿದಳು. ಆದರೆ ಒಂದು ಮಾತು ಅವನಿಗೆ ಚುಚ್ಚುತ್ತಲೇ ಇತ್ತು.

"ಆ ರೈತನ ಹೊಲದಾಗ ಕಸ ಇತ್ತು, ಖರೇ. ನನ್ನೊಳಗ ಅಂಥಾದ್ದು ಏನಿತ್ರಿ, ಅಜ್ಜಾರ? ನೀವಂತೂ ಒಂದು ದಿನಾನೂ ನನಗ ತಪ್ಪು ಅಂದಿಲ್ಲ."

ಅಜ್ಜಾರು ತಂಬೂರಿಯನ್ನು ಎತ್ತಿ ಅವನ ಮಡಿಲಿಗಿಟ್ಟರು.

"ನೀ ನನ್ನ ಕಡೆ ಬರೂ ಹೊತ್ತಿಗೆ ಹೊಲ ಹಸನಾಗಿತ್ತಪಾ, ನಾ ಬರೇ ಬಿತ್ತಿದೆ."

ಗದಿಗಯ್ಯ ಮೊದಲು ಆ ಹಿರಿಯರ ಹೆಸರು, ಆಮೇಲೆ ಅಜ್ಜಾರ ಹೆಸರು ಹೇಳಿ, ಕೈಮುಗಿದು ಷಡ್ಜ ಹಿಡಿದ.